ಸ್ಪ್ರಿಂಕ್ಲರ್ ವಾಲ್ವ್ ಮತ್ತು ಗಾಳಿ ಫಿರಂಗಿ

ತೋಟಕ್ಕೆ, ಹುಲ್ಲುಹಾಸಿಗೆ ಹೊತ್ತಿಗೆ ಸರಿಯಾಗಿ ನೀರು ಬಿಡಲೆಂದು ರೂಪಿಸಿದ ವಿದ್ಯುತ್ ವಾಲ್ವನ್ನು, ಒತ್ತಿ ತುಂಬಿದ ಗಾಳಿಯ ಬಲದಿಂದ ವಸ್ತುಗಳನ್ನು ಎಸೆಯುವ ಮನೆತಯಾರಿಕೆಯ ಫಿರಂಗಿಗಳಲ್ಲಿ ಬಳಸುವ ರೂಢಿ ಮುಖ್ಯವಾಗಿ ಅಮೆರಿಕದ ಹವ್ಯಾಸಿಗಳ ನಡುವೆ ಬೆಳೆದದ್ದು. ಆಲೂಗಡ್ಡೆ ಹಾರಿಸುವ ಫಿರಂಗಿ, ಕಾಗದದ ರಾಕೆಟ್ ಏರಿಸುವ ಯಂತ್ರ, ಪಂದ್ಯ ನೋಡಲು ಬಂದವರತ್ತ ಟೀ-ಶರ್ಟ್ ಎಸೆಯುವ ರೋಬಾಟ್, ಮರದ ನೆತ್ತಿಯ ಮೇಲೆ ಆಂಟೆನಾದ ದಾರ ದಾಟಿಸುವ ಸಾಧನ: ಇವೆಲ್ಲದರಲ್ಲೂ ಸಾಮಾನ್ಯವಾಗಿ ಕಾಣುವುದು ಒಂದೇ ಬಗೆಯ ಪ್ಲಾಸ್ಟಿಕ್ ವಾಲ್ವ್. ಬೆಲೆ ಕಡಿಮೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ದೂರ ನಿಂತು ಗುಂಡಿ ಒತ್ತಿ ತೆರೆಯಬಹುದು. ಈ ಮೂರು ಅನುಕೂಲಗಳು ಅದನ್ನು ನೀರಿನಿಂದ ಗಾಳಿಯ ಕೆಲಸಕ್ಕೆ ಎಳೆದು ತಂದವು. ಆದರೆ ಅದು ನೀರಿಗೆಂದೇ ಹುಟ್ಟಿದ ವಸ್ತು. ನೀರಿನಲ್ಲಿದ್ದಾಗ ಅದಕ್ಕೂ ಅದಕ್ಕೆ ಸೇರಿಸಿದ ಪೈಪುಗಳಿಗೂ ಇರುವ ಸುರಕ್ಷತೆ ಗಾಳಿ ತುಂಬಿದಾಗ ಉಳಿಯುವುದಿಲ್ಲ. ಈ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಇದು.

ವಾಲ್ವಿನ ಹಿನ್ನೆಲೆ

ಒತ್ತಡದ ವ್ಯತ್ಯಾಸದಿಂದಲೇ ತೆರೆದು ಮುಚ್ಚಿಕೊಳ್ಳುವ ವಾಲ್ವಿನ ಕಲ್ಪನೆ ವಿದ್ಯುತ್ ನೀರಾವರಿಗಿಂತ ಹಳೆಯದು. ಅಮೆರಿಕದ ವಿಲಿಯಂ ಸ್ಲೋನ್ 1906ರಲ್ಲಿ ಶೌಚಾಲಯಗಳಿಗಾಗಿ ತಂದ ಫ್ಲಶೋಮೀಟರ್ ಈ ತತ್ವದ ಪ್ರಸಿದ್ಧ ಉದಾಹರಣೆ. ಮೇಲಿನ ಕೋಣೆಯಲ್ಲಿ ಹಿಡಿದಿಟ್ಟ ಒತ್ತಡವನ್ನು ಕೈಯಿಂದ ಸ್ವಲ್ಪ ಬಿಟ್ಟರೆ ಸಾಕು, ಮುಖ್ಯ ದಾರಿ ತಾನಾಗಿ ತೆರೆದು ನೀರು ರಭಸದಿಂದ ಹರಿಯುತ್ತಿತ್ತು. ಮೇಲಿನ ಕೋಣೆ ಮತ್ತೆ ತುಂಬುತ್ತಿದ್ದಂತೆ ತಾನೇ ಮುಚ್ಚಿಕೊಳ್ಳುತ್ತಿತ್ತು.

ತುಂತುರು ನೀರಾವರಿ ಹರಡಿದ್ದು ಕ್ಯಾಲಿಫೋರ್ನಿಯಾದ ಗ್ಲೆಂಡೋರಾದಿಂದ. ಅಲ್ಲಿನ ಕಿತ್ತಳೆ ಜಾತಿಯ ತೋಟಗಳಿಗಾಗಿ ಆರ್ಟನ್ ಎಂಗಲ್‌ಹಾರ್ಟ್ 1933ರಲ್ಲಿ ರೂಪಿಸಿದ, ಬಡಿಬಡಿದು ಸುತ್ತುವ ಸ್ಪ್ರಿಂಕ್ಲರ್‌ನಿಂದ ರೇನ್ ಬರ್ಡ್ ಕಂಪನಿ ಹುಟ್ಟಿತು. ಹುಲ್ಲುಹಾಸು ಅಮೆರಿಕದ ಊರಾಚೆಯ ಮನೆಗಳ ಗುರುತಾದ ಮೇಲೆ ಸಮಯ ನೋಡಿಕೊಂಡು ನೀರು ಬಿಡುವ ಟೈಮರ್‌ಗಳು ಬಂದವು. ಟೈಮರ್ ಹೇಳಿದಂತೆ ಕೇಳುವ ವಾಲ್ವುಗಳೂ ಬೇಕಾದವು. ರೇನ್ ಬರ್ಡ್, ಟೋರೊ, ಹಂಟರ್, ಆರ್ಬಿಟ್ ಮೊದಲಾದ ಕಂಪನಿಗಳ ವಾಲ್ವುಗಳು ಇಂದು ಅಲ್ಲಿನ ಅಂಗಡಿಗಳಲ್ಲಿ ಸಾಲಾಗಿ ಸಿಗುತ್ತವೆ. ಇವುಗಳಿಗೆ ಸಾಮಾನ್ಯವಾಗಿ 24 ವೋಲ್ಟ್ ಎಸಿ ವಿದ್ಯುತ್ ಸಾಕು. ಒದ್ದೆ ಮಣ್ಣಿನಲ್ಲಿ ತಂತಿ ಹೂಳಬೇಕಾದ್ದರಿಂದ ಶಾಕ್ ಹೊಡೆಯದಷ್ಟು ಕಡಿಮೆ ವೋಲ್ಟೇಜನ್ನು ಆರಿಸಿಕೊಂಡರು.

ಕರ್ನಾಟಕದಲ್ಲಿ ರೈತರಿಗೆ ಹೆಚ್ಚು ಪರಿಚಯವಿರುವುದು ಕೈಯಿಂದ ತಿರುಗಿಸುವ ಗೇಟ್ ವಾಲ್ವ್. ರಾತ್ರಿ ಹೊತ್ತು ಮೂರು ಫೇಸ್ ಕರೆಂಟ್ ಬಂದಾಗ ಟಾರ್ಚ್ ಹಿಡಿದು ಹೋಗಿ ಒಂದು ಸಾಲಿನ ವಾಲ್ವ್ ಮುಚ್ಚಿ ಮತ್ತೊಂದು ಸಾಲಿನದನ್ನು ತೆರೆಯುವುದು ಅವರಿಗೆ ವಾಡಿಕೆಯ ಕೆಲಸ. ದೊಡ್ಡ ಹನಿ ನೀರಾವರಿ ಯೋಜನೆಗಳಲ್ಲಿ ಈ ಕೆಲಸ ವಿದ್ಯುತ್ ವಾಲ್ವಿನ ಪಾಲಿಗೆ ಬಂದಿದೆ. ಬಾಗಲಕೋಟೆ ಜಿಲ್ಲೆ ಹುನಗುಂದ ತಾಲ್ಲೂಕಿನಲ್ಲಿ 24,000 ಹೆಕ್ಟೇರ್ ಗುರಿಯ ರಾಮಥಾಳ ಯೋಜನೆ ಇಂಥ ಸ್ವಯಂಚಾಲಿತ ವ್ಯವಸ್ಥೆಗೆ ಹೆಸರಾದುದು. ಪಟ್ಟಣದವರ ಮನೆಗಳಲ್ಲಿ ಇದೇ ಜಾತಿಯ ವಾಲ್ವ್ ವಾಷಿಂಗ್ ಮೆಷಿನ್ನಿನ ಹಿಂಬದಿಯಲ್ಲಿ, ನಲ್ಲಿಯ ಪೈಪು ಸೇರುವ ಜಾಗದಲ್ಲಿ ಅಡಗಿರುತ್ತದೆ.

ರಚನೆ ಮತ್ತು ಕೆಲಸ

ವಾಲ್ವಿನ ಮುಚ್ಚಳದ ತಿರುಪುಗಳನ್ನು ಬಿಚ್ಚಿ ನೋಡಿದರೆ ಒಳಗಿರುವುದು ಕೆಲವೇ ಭಾಗಗಳು. ಅಂಗೈ ಅಗಲದ ಒಂದು ರಬ್ಬರ್ ಡಯಾಫ್ರಮ್, ಅದನ್ನು ಕೆಳಗೊತ್ತುವ ಒಂದು ಸ್ಪ್ರಿಂಗ್, ಡಯಾಫ್ರಮ್ ಕೂರುವ ದುಂಡನೆಯ ಪೀಠ, ಮೇಲೆ ತಿರುಗಿಸಿ ಕೂರಿಸಿದ ತಂತಿಸುರುಳಿ. ಸುರುಳಿಯೊಳಗೆ ಮೇಲೆ ಕೆಳಗೆ ಜಾರುವ ಸಣ್ಣ ಕಬ್ಬಿಣದ ಕಡ್ಡಿ ಇರುತ್ತದೆ. ಡಯಾಫ್ರಮ್ಮಿನ ಮೇಲೆ ಮುಚ್ಚಳದಿಂದಾದ ಕೋಣೆಯಿದೆ. ಒಳಬರುವ ಬದಿಯಿಂದ ಈ ಕೋಣೆಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರವಿರುತ್ತದೆ. ಕೋಣೆಯಿಂದ ಹೊರಹೋಗುವ ಬದಿಗೆ ಇನ್ನೊಂದು ಸಣ್ಣ ದಾರಿ ಇರುತ್ತದೆ. ಆ ಎರಡನೆಯ ದಾರಿಯನ್ನು, ಅಂದರೆ ಪೈಲಟ್ ದಾರಿಯನ್ನು, ಕಬ್ಬಿಣದ ಕಡ್ಡಿಯ ತುದಿ ಮುಚ್ಚಿ ಹಿಡಿದಿರುತ್ತದೆ.

ಕರೆಂಟ್ ಇಲ್ಲದಾಗ ಒಳಬದಿಯ ಒತ್ತಡ ಸಣ್ಣ ರಂಧ್ರದ ಮೂಲಕ ಮೇಲಿನ ಕೋಣೆಯನ್ನೂ ತುಂಬುತ್ತದೆ. ಡಯಾಫ್ರಮ್ಮಿನ ಮೇಲೂ ಕೆಳಗೂ ಒತ್ತಡ ಒಂದೇ ಆದರೂ ಅದು ಒತ್ತುವ ವಿಸ್ತೀರ್ಣ ಒಂದೇ ಅಲ್ಲ. ಮೇಲ್ಗಡೆ ಪೂರ್ತಿ ಡಯಾಫ್ರಮ್ಮಿನ ಮೇಲೆ ಒತ್ತಡ ಬೀಳುತ್ತದೆ. ಕೆಳಗಡೆ ಪೀಠದ ಸುತ್ತಲಿನ ಬಳೆಯಾಕಾರದ ಭಾಗದ ಮೇಲೆ ಮಾತ್ರ ಬೀಳುತ್ತದೆ. ಹೀಗಾಗಿ ವಾಲ್ವ್ ಗಟ್ಟಿಯಾಗಿ ಮುಚ್ಚಿರುತ್ತದೆ, ಒತ್ತಡ ಹೆಚ್ಚಿದಷ್ಟೂ ಬಿಗಿಯಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ಡಯಾಫ್ರಮ್ಮಿನ ವ್ಯಾಸ 50 ಮಿ.ಮೀ., ಪೀಠದ ವ್ಯಾಸ 25 ಮಿ.ಮೀ., ಒತ್ತಡ ಚದರ ಸೆಂಟಿಮೀಟರಿಗೆ 6 ಕೆಜಿ ಎಂದಿಟ್ಟುಕೊಂಡರೆ, ಮೇಲಿನಿಂದ ಬೀಳುವ ಭಾರ ಸುಮಾರು 118 ಕೆಜಿ, ಕೆಳಗಿನಿಂದ ಬರುವುದು ಸುಮಾರು 88 ಕೆಜಿ. ಉಳಿದ 30 ಕೆಜಿ ಭಾರ ವಾಲ್ವನ್ನು ಅದುಮಿ ಹಿಡಿದಿರುತ್ತದೆ. ಇದನ್ನು ನೇರವಾಗಿ ಎತ್ತಲು ದೊಡ್ಡ ವಿದ್ಯುತ್ಕಾಂತವೇ ಬೇಕು. ಆದರೆ ಪೈಲಟ್ ದಾರಿಯ ವ್ಯಾಸ 1.5 ಮಿ.ಮೀ. ಇದ್ದರೆ ಅದನ್ನು ತೆರೆಯಲು ಬೇಕಾಗುವ ಬಲ 100 ಗ್ರಾಂ ತೂಕದಷ್ಟು ಮಾತ್ರ. ಕರೆಂಟ್ ಹರಿದಾಗ ಸುರುಳಿ ಕಡ್ಡಿಯನ್ನು ಎತ್ತುತ್ತದೆ. ಮೇಲಿನ ಕೋಣೆಯ ಒತ್ತಡ ಹೊರಬದಿಗೆ ಸೋರಿ ಇಳಿಯುತ್ತದೆ. ಆಮೇಲೆ ಡಯಾಫ್ರಮ್ಮನ್ನು ಎತ್ತುವುದು ವಿದ್ಯುತ್ತಲ್ಲ, ಕೆಳಗಿನ ನೀರಿನದೇ ಒತ್ತಡ. ಸಣ್ಣ ಬಲ ದೊಡ್ಡ ಬಲವನ್ನು ಆಳುವ ಈ ಏರ್ಪಾಡೇ ವಾಲ್ವಿನ ಜಾಣ್ಮೆ.

ಕರೆಂಟ್ ನಿಂತಾಗ ಮೇಲಿನ ಕೋಣೆ ಸಣ್ಣ ರಂಧ್ರದ ಮೂಲಕ ನಿಧಾನವಾಗಿ ತುಂಬಿಕೊಂಡು ವಾಲ್ವ್ ಮೆಲ್ಲಗೆ ಮುಚ್ಚುತ್ತದೆ. ಈ ನಿಧಾನವನ್ನು ತಯಾರಕರು ಬೇಕೆಂದೇ ಇಟ್ಟಿದ್ದಾರೆ. ಹರಿಯುವ ನೀರನ್ನು ತಟ್ಟನೆ ತಡೆದರೆ ಪೈಪಿನಲ್ಲಿ ಒತ್ತಡದ ಅಲೆ ಎದ್ದು ದಡಬಡ ಸದ್ದಾಗುತ್ತದೆ, ಕೀಲುಗಳು ಬಿಟ್ಟುಕೊಳ್ಳುತ್ತವೆ. ನೀರಿನ ಪೆಟ್ಟು ಎಂಬ ಈ ತೊಂದರೆಯನ್ನು ತಪ್ಪಿಸಲು ನಿಧಾನವಾಗಿ ಮುಚ್ಚುವುದೇ ಉಪಾಯ.

ಗಾಳಿ ಫಿರಂಗಿಯ ಪರಂಪರೆ

ಗಾಳಿಯನ್ನು ಒತ್ತಿ ವಸ್ತುವನ್ನು ಹಾರಿಸುವುದು ಮಕ್ಕಳಾಟದಷ್ಟು ಹಳೆಯ ವಿದ್ಯೆ. ಮಲೆನಾಡು, ಕರಾವಳಿಯ ಮಕ್ಕಳು ಹಬ್ಬದ ದಿನಗಳಲ್ಲಿ ಆಡುವ ಬಿದಿರಿನ ಪೆಟ್ಲು ಇದೇ ತತ್ವದ್ದು. ಕೊಳವೆಯ ತುದಿಯಲ್ಲಿ ಒಂದು ಕಾಯಿ ಸಿಕ್ಕಿಸಿ, ಹಿಂದಿನಿಂದ ಇನ್ನೊಂದನ್ನು ಕಡ್ಡಿಯಿಂದ ತಳ್ಳಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿ ಸದ್ದು ಮಾಡುತ್ತಾ ಹಾರುತ್ತದೆ. ಬಸ್ತರ್‌ನ ಗೋಂಚಾ ಹಬ್ಬದಲ್ಲಿ ಹೊಡೆಯುವ ತುಪ್ಕಿಯೂ ಇಂಥದ್ದೇ.

ಯುದ್ಧದಲ್ಲಿಯೂ ಗಾಳಿಯ ಆಯುಧಗಳಿಗೆ ಜಾಗವಿತ್ತು. ಜಿರಾಂಡೋನಿ ಎಂಬ ಕುಶಲಕರ್ಮಿ 1779ರ ಸುಮಾರಿಗೆ ರೂಪಿಸಿದ ಗಾಳಿ ಕೋವಿಯನ್ನು ಆಸ್ಟ್ರಿಯಾದ ಸೇನೆ ಬಳಸಿತು. ಅದರ ಗಾಳಿತೊಟ್ಟಿ ತುಂಬಲು ಸುಮಾರು 1,500 ಸಲ ಪಂಪು ಹೊಡೆಯಬೇಕಿತ್ತು. ಅಮೆರಿಕದ ಪಶ್ಚಿಮವನ್ನು ಶೋಧಿಸಿದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಕೂಡ ಒಂದು ಗಾಳಿ ಕೋವಿಯನ್ನು ಜೊತೆಗೊಯ್ದಿತ್ತು. 1888ರಲ್ಲಿ ನೀರಿಗಿಳಿದ ಅಮೆರಿಕದ ನೌಕೆ ವೆಸುವಿಯಸ್‌ನಲ್ಲಿ 15 ಇಂಚು ವ್ಯಾಸದ ಮೂರು ಗಾಳಿ ಫಿರಂಗಿಗಳಿದ್ದವು. ಸಿಡಿಮದ್ದಿನ ಬಲದಿಂದ ಹಾರಿಸಿದರೆ ಆಗಿನ ಡೈನಮೈಟ್ ಗುಂಡುಗಳು ನಳಿಗೆಯಲ್ಲೇ ಸಿಡಿಯುವ ಭಯವಿತ್ತು. ಗಾಳಿ ಮೃದುವಾಗಿ ತಳ್ಳುತ್ತದೆಂದು ಅದನ್ನು ಆರಿಸಿದರು. ಫಿರಂಗಿಗಳನ್ನು ಹಡಗಿಗೆ ಸ್ಥಿರವಾಗಿ ಕೂರಿಸಿದ್ದರಿಂದ ಗುರಿಯಿಡಲು ಇಡೀ ಹಡಗನ್ನೇ ತಿರುಗಿಸಬೇಕಿತ್ತು. 1898ರಲ್ಲಿ ಕ್ಯೂಬಾದ ಸ್ಯಾಂಟಿಯಾಗೊ ಮೇಲೆ ರಾತ್ರಿ ಹೊತ್ತು ಅದು ಗುಂಡು ಹಾರಿಸಿದಾಗ ದಡದವರಿಗೆ ಫಿರಂಗಿಯ ಸದ್ದೇ ಕೇಳಿಸುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಕಾರ್ನ್‌ವಾಲ್‌ನ ಹೋಲ್ಮನ್ ಬ್ರದರ್ಸ್ ಕಂಪನಿ ಮಾಡಿದ ಹೋಲ್ಮನ್ ಪ್ರೊಜೆಕ್ಟರ್ ಎಂಬ ಸಾಧನ ಬ್ರಿಟಿಷ್ ಹಡಗುಗಳಲ್ಲಿತ್ತು. ಒತ್ತಿ ತುಂಬಿದ ಗಾಳಿ ಅಥವಾ ಹಡಗಿನ ಹಬೆಯಿಂದ ಅದು ಕೈಬಾಂಬುಗಳನ್ನು ಶತ್ರು ವಿಮಾನದತ್ತ ಎಸೆಯುತ್ತಿತ್ತು. ಬಿಡುವಿನಲ್ಲಿ ನಾವಿಕರು ಅದರಿಂದ ಆಲೂಗಡ್ಡೆ ಹಾರಿಸಿ ಆಡುತ್ತಿದ್ದರು. ಇಂದಿನ ಆಲೂಗಡ್ಡೆ ಫಿರಂಗಿಗೆ ಇಷ್ಟು ಹತ್ತಿರದ ಪೂರ್ವಜ ಬೇರೊಂದಿಲ್ಲ.

ಹವ್ಯಾಸಿಗಳ ಆಲೂಗಡ್ಡೆ ಫಿರಂಗಿಗಳಲ್ಲಿ ಎರಡು ಪಂಗಡಗಳಿವೆ. ಒಂದರಲ್ಲಿ ಉರಿಯುವ ಆವಿಗೆ ಕಿಡಿ ಹೊತ್ತಿಸುತ್ತಾರೆ. ಇನ್ನೊಂದರಲ್ಲಿ ಬೆಂಕಿಯೇ ಇಲ್ಲ. ಪಂಪಿನಿಂದ ತೊಟ್ಟಿಗೆ ಗಾಳಿ ತುಂಬಿ, ವಾಲ್ವ್ ತೆರೆದು ನಳಿಗೆಗೆ ಬಿಡುತ್ತಾರೆ. ಸ್ಪ್ರಿಂಕ್ಲರ್ ವಾಲ್ವಿಗೆ ಕೆಲಸ ಸಿಕ್ಕಿದ್ದು ಈ ಎರಡನೆಯ ಪಂಗಡದಲ್ಲಿ. ಅದಕ್ಕೂ ಮುಂಚೆ ಕೈಯಿಂದ ತಿರುಗಿಸುವ ಬಾಲ್ ವಾಲ್ವನ್ನೇ ಬಳಸುತ್ತಿದ್ದರು. ಕೈ ತಿರುಗುವಷ್ಟರಲ್ಲಿ ಗಾಳಿಯ ಒಂದು ಪಾಲು ಅರೆತೆರೆದ ದಾರಿಯಲ್ಲಿ ತಡವರಿಸಿ ವ್ಯರ್ಥವಾಗುತ್ತಿತ್ತು. ಅಲ್ಲದೆ ಹಾರಿಸುವವರು ಒತ್ತಡ ತುಂಬಿದ ಕೊಳವೆಯನ್ನು ಮುಟ್ಟಿಕೊಂಡೇ ನಿಲ್ಲಬೇಕಿತ್ತು.

ಗಾಳಿಯಲ್ಲಿ ವಾಲ್ವಿನ ನಡತೆ

ನೀರಿಗಾಗಿ ಮಾಡಿದ ವಾಲ್ವ್ ಗಾಳಿಯಲ್ಲಿಯೂ ತೆರೆಯುತ್ತದೆ, ಮುಚ್ಚುತ್ತದೆ. ಆದರೆ ಅದರ ಗುಣ ಬದಲಾಗುತ್ತದೆ. ಮೊದಲನೆಯದು ತುಂಬುವಾಗಿನ ನಡತೆ. ತೊಟ್ಟಿಗೆ ಗಾಳಿಯನ್ನು ಒಮ್ಮೆಲೇ ನುಗ್ಗಿಸಿದರೆ ಡಯಾಫ್ರಮ್ಮಿನ ಕೆಳಗಿನ ಒತ್ತಡ ಕೂಡಲೇ ಏರುತ್ತದೆ. ಮೇಲಿನ ಕೋಣೆಗೆ ಗಾಳಿ ಸೇರುವ ರಂಧ್ರ ಸಣ್ಣದಾದ್ದರಿಂದ ಅಲ್ಲಿನ ಒತ್ತಡ ಹಿಂದೆ ಬೀಳುತ್ತದೆ. ಆಗ ಯಾರೂ ಗುಂಡಿ ಒತ್ತದೆಯೇ ವಾಲ್ವ್ ತೆರೆದುಕೊಳ್ಳಬಹುದು. ಫಿರಂಗಿಯಲ್ಲಿ ಹೀಗಾದರೆ ಅದು ಹೇಳಕೇಳದೆ ಹಾರಿದಂತೆಯೇ. ವಾಲ್ವಿನ ಮೈಮೇಲೆ ಹರಿವಿನ ದಿಕ್ಕು ತೋರಿಸುವ ಬಾಣದ ಗುರುತಿರುತ್ತದೆ. ಅದನ್ನು ತಿರುಗುಮುರುಗಾಗಿ ಜೋಡಿಸಿದರೂ ವಾಲ್ವ್ ಮುಚ್ಚಿ ನಿಲ್ಲುವುದಿಲ್ಲ.

ಎರಡನೆಯದು ತೆರೆಯುವ ವೇಗ. ಮೇಲಿನ ಕೋಣೆಯ ಗಾಳಿ ಇಕ್ಕಟ್ಟಾದ ಪೈಲಟ್ ದಾರಿಯಲ್ಲಿ ಹೊರಹೋಗಬೇಕು. ಅದು ಬರಿದಾಗುವ ತನಕ ಡಯಾಫ್ರಮ್ ಪೂರ್ತಿ ಮೇಲೇಳುವುದಿಲ್ಲ. ಗಿಡಕ್ಕೆ ನೀರು ಹಾಯಿಸುವಾಗ ಒಂದರ್ಧ ಸೆಕೆಂಡು ತಡವಾದರೆ ಏನೂ ಕೆಡುವುದಿಲ್ಲ. ಫಿರಂಗಿಯಲ್ಲಿ ಆ ತಡ ಎಲ್ಲವನ್ನೂ ಬದಲಿಸುತ್ತದೆ. ಇದಕ್ಕಾಗಿ ಹವ್ಯಾಸಿಗಳು ಸುರುಳಿಯನ್ನೇ ತೆಗೆದು, ಮೇಲಿನ ಕೋಣೆಯನ್ನು ಅಗಲವಾದ ದಾರಿಯಿಂದ ಬೇಗ ಬರಿದು ಮಾಡುವ ಮಾರ್ಪಾಡಿಗೆ ಕೈಹಾಕಿದರು. ಇದರಿಂದ ವೇಗ ಹೆಚ್ಚಿದ್ದು ನಿಜ. ಆದರೆ ದೂರದಿಂದ ಹಾರಿಸಬಹುದೆಂಬ ವಿದ್ಯುತ್ ವಾಲ್ವಿನ ದೊಡ್ಡ ಗುಣ ಹೋಯಿತು. ತಯಾರಕರು ಪರೀಕ್ಷಿಸಿ ಕೊಟ್ಟ ಮುಚ್ಚಳದಲ್ಲಿ ಹೊಸ ತೂತು ಬಿದ್ದಿತು.

ಮೂರನೆಯದು ಸದ್ದು. ಒತ್ತಡ ಇಳಿದಾಗ ಸ್ಪ್ರಿಂಗ್ ಮತ್ತು ಗಾಳಿಯ ಎಳೆದಾಟದಲ್ಲಿ ಡಯಾಫ್ರಮ್ ಪೀಠದ ಮೇಲೆ ಪಟಪಟನೆ ಬಡಿದುಕೊಂಡು ಲಾರಿಯ ಹಾರ್ನಿನಂತೆ ಕೂಗುವುದುಂಟು. ನೀರಿನಲ್ಲಿ ಇದನ್ನು ಅಷ್ಟಾಗಿ ಕಾಣುವುದಿಲ್ಲ. ನೀರಿನ ಜಡತೆ ಇಂಥ ಕಂಪನವನ್ನು ಅದುಮಿಬಿಡುತ್ತದೆ.

ವಿದ್ಯುತ್ತಿನ ಬದಿಯಲ್ಲಿ ಒಂದು ಮಾತು. 24 ವೋಲ್ಟ್ ಎಸಿ ಸುರುಳಿಗಳು ಬ್ಯಾಟರಿಯ ಡಿಸಿಯಲ್ಲೂ ಕೆಲಸ ಮಾಡುತ್ತವೆ. ಎಸಿಯಲ್ಲಿ ಸುರುಳಿಯ ಪ್ರೇರಕತೆ ಕರೆಂಟನ್ನು ತಡೆಯುತ್ತದೆ, ಡಿಸಿಯಲ್ಲಿ ತಂತಿಯ ರೋಧ ಮಾತ್ರ ತಡೆಯುತ್ತದೆ. ಆದ್ದರಿಂದ ಹೆಚ್ಚು ಹೊತ್ತು ಡಿಸಿ ಹರಿಸಿದರೆ ಸುರುಳಿ ಕಾದು ಸುಡುತ್ತದೆ. ಬ್ಯಾಟರಿ ಟೈಮರುಗಳಿಗೆಂದೇ ಮಾಡಿದ ಲ್ಯಾಚಿಂಗ್ ಸುರುಳಿಗಳು ಬೇರೆ. ಒಂದು ಚುಟುಕು ಕರೆಂಟಿಗೆ ತೆರೆದು, ತಿರುಗುಮುರುಗಾದ ಇನ್ನೊಂದು ಚುಟುಕಿಗೆ ಮುಚ್ಚುತ್ತವೆ.

ವೇಗದ ಲೆಕ್ಕ

ಗಾಳಿ ಫಿರಂಗಿ ಭೌತಶಾಸ್ತ್ರದ ಪಾಠಕ್ಕೆ ಒಳ್ಳೆಯ ವಿಷಯ. ಬಾಯ್ಲ್ ನಿಯಮ, ಕೆಲಸ ಮತ್ತು ಶಕ್ತಿಯ ಸಂಬಂಧ, ಘರ್ಷಣೆ, ಗಾಳಿಯ ಎಳೆತ ಎಲ್ಲವೂ ಒಂದೇ ಪ್ರಯೋಗದಲ್ಲಿ ಬರುತ್ತವೆ. ಅಮೆರಿಕದ ನೌಕಾ ಅಕಾಡೆಮಿಯ ಕಾರ್ಲ್ ಮುಂಗನ್ 2009ರಲ್ಲಿ ಆಲೂಗಡ್ಡೆ ಫಿರಂಗಿಯ ಒಳಗಿನ ಚಲನೆಯ ಬಗ್ಗೆ ಯೂರೋಪಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಬರೆದರು. ಗಾಳಿ ಹಿಗ್ಗುವುದು ತಾಪ ಬದಲಾಗದಂತೆಯೋ ಅಥವಾ ಶಾಖ ಒಳಹೊರಗೆ ಹೋಗದಂತೆಯೋ ಎಂಬುದು ಇಂಥ ಲೆಕ್ಕಗಳ ಮೊದಲ ಪ್ರಶ್ನೆ.

ಇಂಡಿಯಾನಾದ ವಾಬಾಶ್ ಕಾಲೇಜಿನ ರೋರ್‌ಬಾಕ್, ಬುರೆಶ್ ಮತ್ತು ಮ್ಯಾಡ್ಸನ್ ಡಯಾಫ್ರಮ್ ವಾಲ್ವಿನಿಂದ ಗಾಳಿ ಬಿಡುವ ಫಿರಂಗಿಯೊಂದನ್ನು ಕಟ್ಟಿ ಅಳತೆ ಮಾಡಿದರು. 2012ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಬಂದ ಅವರ ಲೇಖನದ ತೀರ್ಮಾನ ಸ್ಪಷ್ಟವಾಗಿತ್ತು. ಮೇಲಿನ ಎರಡು ಊಹೆಗಳಲ್ಲಿ ಯಾವುದೂ ಅವರು ಅಳೆದ ವೇಗಕ್ಕೆ ಸರಿಹೊಂದಲಿಲ್ಲ. ವಾಲ್ವಿನ ಮೂಲಕ ಗಾಳಿ ಎಷ್ಟು ಹರಿಯಬಲ್ಲದು ಎಂಬುದನ್ನು ಲೆಕ್ಕಕ್ಕೆ ತಂದಾಗ ಮಾತ್ರ ಅಳತೆಗೂ ಲೆಕ್ಕಕ್ಕೂ ತಾಳೆಯಾಯಿತು.

ಇದರ ಕಾರಣ ಗಾಳಿಯ ಒಂದು ಸ್ವಭಾವದಲ್ಲಿದೆ. ಕಿರಿದಾದ ದಾರಿಯ ಆಚೆಯ ಒತ್ತಡ ಈಚೆಯದರ ಸುಮಾರು 53 ಶೇಕಡಕ್ಕಿಂತ ಕೆಳಗಿಳಿದರೆ ಗಾಳಿಯ ವೇಗ ಆ ದಾರಿಯಲ್ಲಿ ಶಬ್ದದ ವೇಗವನ್ನು ಮುಟ್ಟಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಆಚೆಯ ಒತ್ತಡವನ್ನು ಎಷ್ಟು ತಗ್ಗಿಸಿದರೂ ಹರಿವು ಹೆಚ್ಚುವುದಿಲ್ಲ. ಇದಕ್ಕೆ ಕಟ್ಟಿಕೊಂಡ ಹರಿವು ಎನ್ನಬಹುದು. ಸ್ಪ್ರಿಂಕ್ಲರ್ ವಾಲ್ವಿನ ಒಳದಾರಿ ನೇರವಲ್ಲ. ಗಾಳಿ ಮೇಲೇರಿ, ಡಯಾಫ್ರಮ್ಮಿನ ಅಡಿ ತಿರುಗಿ, ಪೀಠದೊಳಗೆ ಇಳಿದು ಹೋಗಬೇಕು. ತೊಟ್ಟಿ ದೊಡ್ಡದಿದ್ದರೂ ನಳಿಗೆ ಉದ್ದವಿದ್ದರೂ ಈ ಕತ್ತಿನಲ್ಲಿ ಎಷ್ಟು ಹರಿಯುತ್ತದೋ ಅಷ್ಟೇ ದಕ್ಕುವುದು.

ಸಮಯವೂ ಬಹಳ ಕಡಿಮೆ. ಒಂದೂವರೆ ಮೀಟರ್ ನಳಿಗೆಯಲ್ಲಿ ಒಂದೇ ಸಮನೆ ವೇಗ ಹೆಚ್ಚಿಸಿಕೊಂಡು ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೊರಬರುವ ವಸ್ತು ಒಳಗಿರುವುದು 1 ಸೆಕೆಂಡಿನ 20ನೇ ಒಂದು ಪಾಲು. ಆ ಅವಧಿಯ ಅರ್ಧದಷ್ಟನ್ನು ವಾಲ್ವ್ ತೆರೆಯಲು ತೆಗೆದುಕೊಂಡರೆ ಹಿಂದೆ ಬರುವ ಗಾಳಿ ತಡವಾಗಿ ಬಂದು ಬರಿದೇ ಹೊರಗೆ ಹೋಗುತ್ತದೆ.

ಗಾಳಿಗೆಂದೇ ಮಾಡಿದ ವಾಲ್ವುಗಳು

ಗಾಳಿಯನ್ನು ಥಟ್ಟನೆ ಬಿಡಲು ಕಾರ್ಖಾನೆಗಳಲ್ಲಿ ಬೇರೆಯೇ ವಾಲ್ವುಗಳಿವೆ. ಸಿಮೆಂಟ್, ಉಕ್ಕಿನ ಕಾರ್ಖಾನೆಗಳಲ್ಲಿ ದೂಳು ಹಿಡಿಯುವ ಬಟ್ಟೆಚೀಲದ ಶೋಧಕಗಳಿರುತ್ತವೆ. ಚೀಲಕ್ಕೆ ಮೆತ್ತಿದ ದೂಳನ್ನು ಕೊಡವಲು ಆಗಾಗ ಗಾಳಿಯ ಚುಟುಕು ಹೊಡೆತ ಕೊಡಬೇಕು. ಇದಕ್ಕೆ ಬಳಸುವ ಪಲ್ಸ್ ಜೆಟ್ ವಾಲ್ವುಗಳೂ ಡಯಾಫ್ರಮ್ ತತ್ವದವೇ. ಆದರೆ ಲೋಹದ ಮೈ, ಅಗಲವಾದ ಪೈಲಟ್ ದಾರಿ ಇರುತ್ತವೆ, ಗಾಳಿಗೇ ಪರೀಕ್ಷಿಸಿದ ಒತ್ತಡದ ಮಿತಿಯನ್ನು ತಯಾರಕರು ನಮೂದಿಸಿರುತ್ತಾರೆ. ಕಣಜಗಳಲ್ಲಿ ಗಟ್ಟಿಕಟ್ಟಿದ ಪುಡಿಯನ್ನು ಗಾಳಿಯ ಗುದ್ದಿನಿಂದ ಉದುರಿಸುವ ಏರ್ ಬ್ಲಾಸ್ಟರ್‌ಗಳು ಉಕ್ಕಿನ ತೊಟ್ಟಿಯವು. ಸ್ಪ್ರಿಂಕ್ಲರ್ ವಾಲ್ವ್ ಈ ಮನೆತನದ ಅಗ್ಗದ ಸೋದರ. ಗಾಳಿಯ ಕೆಲಸಕ್ಕೆ ಅದು ಅರ್ಹವೆಂದು ಅದನ್ನು ಮಾಡಿದವರು ಹೇಳಿಲ್ಲ.

ಬಳಕೆಗಳು

ಸ್ಪ್ರಿಂಕ್ಲರ್ ವಾಲ್ವಿನ ಬಳಕೆಗಳಲ್ಲಿ ಶೈಕ್ಷಣಿಕವಾಗಿ ಮುಖ್ಯವಾದದ್ದು ಕಾಗದದ ರಾಕೆಟ್. ನಾಸಾ ಶಿಕ್ಷಕರಿಗಾಗಿ ಹೊರತಂದ ರಾಕೆಟ್ ಕೈಪಿಡಿಯಲ್ಲಿ ಹುಲ್ಲುಹಾಸಿನ ವಾಲ್ವನ್ನು ಬಳಸುವ ಉಡಾವಣೆ ಯಂತ್ರವಿದೆ. ಅಮೆರಿಕದ ಮೇಕ್ ಪತ್ರಿಕೆಯೂ ಇಂಥ ಯಂತ್ರವನ್ನು ಓದುಗರಿಗೆ ಪರಿಚಯಿಸಿತು. ಇಲ್ಲಿ ರಾಕೆಟ್ಟನ್ನು ನಳಿಗೆಯೊಳಗೆ ತುರುಕುವುದಿಲ್ಲ, ನೆಟ್ಟಗೆ ನಿಂತ ಕೊಳವೆಯ ಮೇಲೆ ಟೊಪ್ಪಿಗೆಯಂತೆ ತೊಡಿಸುತ್ತಾರೆ. ಹಾರುವ ವಸ್ತು ಕಾಗದದ್ದು, ಒತ್ತಡ ಸೈಕಲ್ ಪಂಪಿನದು. ಗಟ್ಟಿಯಾದ ವಸ್ತು ಹಾಕಲು ಜಾಗವೇ ಇರುವುದಿಲ್ಲ.

ಅಮೆರಿಕದ ಶಾಲಾ ರೋಬಾಟ್ ಸ್ಪರ್ಧೆ ಫಸ್ಟ್‌ನ ತಂಡಗಳು ಸ್ಪರ್ಧೆಯಿಲ್ಲದ ತಿಂಗಳುಗಳಲ್ಲಿ ಟೀ-ಶರ್ಟ್ ಎಸೆಯುವ ರೋಬಾಟುಗಳನ್ನು ಕಟ್ಟುವುದು ರೂಢಿ. ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೆ ಎತ್ತರದ ಮರದ ಕೊಂಬೆಯ ಮೇಲೆ ಆಂಟೆನಾ ತಂತಿ ಎಳೆಯಬೇಕಾಗುತ್ತದೆ. ಟೆನಿಸ್ ಚೆಂಡಿಗೆ ಮೀನುಗಾಳದ ದಾರ ಕಟ್ಟಿ ಗಾಳಿಯಿಂದ ಹಾರಿಸಿ, ಆ ದಾರದಿಂದ ಹಗ್ಗವನ್ನೂ ಹಗ್ಗದಿಂದ ತಂತಿಯನ್ನೂ ಎಳೆದುಕೊಳ್ಳುತ್ತಾರೆ. ಮರ ಹತ್ತುವ ಅಪಾಯ ತಪ್ಪಿಸುವ ಈ ಬಳಕೆಗೆ ನಿಜವಾದ ಪ್ರಯೋಜನವಿದೆ.

ಗಾಳಿ ಫಿರಂಗಿಯ ದೊಡ್ಡ ರೂಪಗಳಿಗೆ ಸ್ಪ್ರಿಂಕ್ಲರ್ ವಾಲ್ವ್ ಸಾಲದು. 1986ರಲ್ಲಿ ಡೆಲಾವೇರ್‌ನಲ್ಲಿ ಶುರುವಾದ ಪಂಕಿನ್ ಚಂಕಿನ್ ಎಂಬ ಕುಂಬಳಕಾಯಿ ಎಸೆತದ ಸ್ಪರ್ಧೆಯಲ್ಲಿ ಗಾಳಿ ಫಿರಂಗಿಗಳಿಗೇ ಒಂದು ವಿಭಾಗವಿತ್ತು. ಯೂಟಾದ ಮೋಆಬ್‌ನಲ್ಲಿ 2010ರಲ್ಲಿ ಬಿಗ್ 10 ಇಂಚ್ ಎಂಬ ಗಾಳಿ ಫಿರಂಗಿ ಕುಂಬಳಕಾಯಿಯನ್ನು 5,545 ಅಡಿ, ಅಂದರೆ ಸುಮಾರು 1,690 ಮೀಟರ್ ದೂರ ಎಸೆದು ವಿಶ್ವದಾಖಲೆ ಮಾಡಿತು. ಹಿಮಗುಡ್ಡಗಳಲ್ಲಿ ಹಿಮಕುಸಿತವನ್ನು ಬೇಕೆಂದೇ ಮುಂಚಿತವಾಗಿ ಬೀಳಿಸಲು ನೈಟ್ರೋಜನ್ ಒತ್ತಡದ ಅವಲಾಂಚರ್ ಎಂಬ ಎಸೆಯುವ ಯಂತ್ರವನ್ನು ಬಳಸುತ್ತಾರೆ. ಸಿನಿಮಾಗಳಲ್ಲಿ ಸ್ಫೋಟದ ದೃಶ್ಯಕ್ಕೆ ಮಣ್ಣು, ದೂಳು ಚಿಮ್ಮಿಸುವುದೂ ಗಾಳಿ ಫಿರಂಗಿಯೇ.

ವಿಮಾನದ ಗಾಜು, ರೆಕ್ಕೆಗಳಿಗೆ ಹಕ್ಕಿ ಬಡಿದರೆ ತಡೆಯುತ್ತವೆಯೇ ಎಂದು ಪರೀಕ್ಷಿಸಲೂ ಗಾಳಿ ಫಿರಂಗಿ ಬೇಕು. ದೊಡ್ಡ ಪ್ರಯಾಣಿಕ ವಿಮಾನಗಳ ಮುಂಗಾಜು 4 ಪೌಂಡ್, ಅಂದರೆ ಸುಮಾರು 1.8 ಕೆಜಿ ತೂಕದ ಹಕ್ಕಿಯ ಹೊಡೆತವನ್ನು ತಾಳಬೇಕೆಂಬುದು ಅಮೆರಿಕದ ವಿಮಾನಯಾನ ನಿಯಮ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಇಂಥ ಪರೀಕ್ಷೆಯ ಸೌಕರ್ಯ ಹೊಂದಿದೆ. ಅಲ್ಲಿನ ತೊಟ್ಟಿ, ನಳಿಗೆಗಳು ಉಕ್ಕಿನವು. ಹಾರಿಸುವಾಗ ಹತ್ತಿರ ಯಾರನ್ನೂ ಬಿಡುವುದಿಲ್ಲ.

ಅಪಾಯ

ಗಾಳಿ ಫಿರಂಗಿಯಲ್ಲಿ ಎಲ್ಲರ ಕಣ್ಣು ನಳಿಗೆಯ ಬಾಯಿಯ ಮೇಲಿರುತ್ತದೆ. ಆದರೆ ಅಪಾಯದ ದೊಡ್ಡ ಪಾಲು ಹಿಂದಿನ ತೊಟ್ಟಿಯಲ್ಲಿ, ಹಾರಿಸುವವರ ಮಗ್ಗುಲಲ್ಲೇ ಇರುತ್ತದೆ. ನೀರಿಗೂ ಗಾಳಿಗೂ ಇರುವ ವ್ಯತ್ಯಾಸ ತಿಳಿಯಲು ಮತ್ತೊಂದು ಲೆಕ್ಕ ಸಾಕು. 5 ಲೀಟರ್ ತೊಟ್ಟಿಯಲ್ಲಿ ಸುಮಾರು 7 ಬಾರ್ ಒತ್ತಡಕ್ಕೆ ನೀರು ತುಂಬಿದರೆ, ನೀರು ಒತ್ತಿಕೊಂಡದ್ದರಿಂದ ಅದರಲ್ಲಿ ಕೂಡಿಟ್ಟ ಶಕ್ತಿ ಅರ್ಧ ಜೂಲ್ ಆಸುಪಾಸು. ಅದೇ ತೊಟ್ಟಿಗೆ ಅದೇ ಒತ್ತಡದಲ್ಲಿ ಗಾಳಿ ತುಂಬಿದರೆ ಹೊರಬರಬಲ್ಲ ಶಕ್ತಿ ಸುಮಾರು 2,700 ಜೂಲ್. 50 ಕೆಜಿ ಸಿಮೆಂಟ್ ಮೂಟೆಯನ್ನು ಐದೂವರೆ ಮೀಟರ್ ಎತ್ತರಕ್ಕೆ ಎತ್ತಲು ಅಷ್ಟು ಶಕ್ತಿ ಬೇಕು. ಒತ್ತಡಮಾಪಕದ ಮುಳ್ಳು ಎರಡರಲ್ಲೂ ಒಂದೇ ಅಂಕಿ ತೋರಿಸುತ್ತದೆ, ಕೂಡಿಟ್ಟ ಶಕ್ತಿಯಲ್ಲಿ ಮಾತ್ರ ಐದು ಸಾವಿರ ಪಟ್ಟು ವ್ಯತ್ಯಾಸ. ನೀರಿನ ಪೈಪು ಒಡೆದರೆ ನೀರು ಚಿಲ್ಲೆಂದು ಹಾರಿ ಒತ್ತಡ ಕೂಡಲೇ ಸತ್ತುಹೋಗುತ್ತದೆ. ಗಾಳಿಯ ಪೈಪು ಒಡೆದರೆ ಗಾಳಿ ಹಿಗ್ಗುತ್ತಾ ಚೂರುಗಳನ್ನು ಹೊತ್ತೊಯ್ಯುತ್ತದೆ.

ಹವ್ಯಾಸಿಗಳು ಬಳಸುವ ಪಿವಿಸಿ ಪೈಪು ಈ ಅಪಾಯವನ್ನು ಹೆಚ್ಚಿಸುತ್ತದೆ. ಗಟ್ಟಿ ಪಿವಿಸಿ ಲೋಹದಂತೆ ಉಬ್ಬಿ ಸೀಳಿ ಎಚ್ಚರಿಕೆ ಕೊಡುವುದಿಲ್ಲ, ಗಾಜಿನಂತೆ ಚೂರಾಗುತ್ತದೆ. ಹಳೆಯ ಗೀರು, ಬಿಸಿಲಿಗೆ ಪೆಡಸಾದ ಮೈ, ಕೆಳಗೆ ಬಿದ್ದಾಗ ಆದ ಸಣ್ಣ ಬಿರುಕು ಸಾಕು. ಮೈಗೆ ಹೊಕ್ಕ ಪ್ಲಾಸ್ಟಿಕ್ ಚೂರು ಎಕ್ಸ್‌ರೇಯಲ್ಲಿ ಲೋಹದ ಚೂರಿನಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 1988ರಲ್ಲೇ ನೆಲದ ಮೇಲಿನ ಪಿವಿಸಿ ಪೈಪುಗಳಲ್ಲಿ ಒತ್ತಿದ ಗಾಳಿ ಸಾಗಿಸಬಾರದೆಂದು ಎಚ್ಚರಿಕೆ ಪ್ರಕಟಿಸಿತು.

ನಮ್ಮಲ್ಲಿ ಅಂಗಡಿಗೆ ಹೋಗಿ ನಾಲ್ಕು ಕೆಜಿ ಪೈಪು, ಆರು ಕೆಜಿ ಪೈಪು ಎಂದು ಕೇಳುವುದು ರೂಢಿ. ಭಾರತೀಯ ಮಾನಕ ಐಎಸ್ 4985ರ ಪ್ರಕಾರ ಈ ಅಂಕಿಗಳು ಚದರ ಸೆಂಟಿಮೀಟರಿಗೆ ಅಷ್ಟು ಕೆಜಿ ಒತ್ತಡವನ್ನು ಸೂಚಿಸುತ್ತವೆ. ಆದರೆ ಅವು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೆ ಹೇಳಿದ ಅಂಕಿಗಳು. ಬಿಸಿ ಏರಿದಂತೆ ಪಿವಿಸಿಯ ಬಲ ಬೇಗ ಇಳಿಯುತ್ತದೆ. 60 ಡಿಗ್ರಿಯಲ್ಲಿ ಅದರ ಒತ್ತಡದ ಮಿತಿ ಮೂಲದ ಕಾಲು ಭಾಗಕ್ಕಿಂತ ಕಡಿಮೆ. ರಾಯಚೂರು, ಕಲಬುರಗಿಯ ಬೇಸಿಗೆ ಬಿಸಿಲಿನಲ್ಲಿಟ್ಟ ಬೂದುಬಣ್ಣದ ಪೈಪು ಎಷ್ಟು ಕಾಯುತ್ತದೆಂದು ಮುಟ್ಟಿದವರಿಗೆ ಗೊತ್ತು. ಪೈಪಿನ ಮೇಲೆ ಅಚ್ಚಾದ ಅಂಕಿಯನ್ನು ಗಾಳಿಗೆ ಅನ್ವಯಿಸಿ ಧೈರ್ಯ ತಂದುಕೊಳ್ಳುವುದು ತಪ್ಪು.

ಉಕ್ಕಿನಲ್ಲಿ ಕಟ್ಟಿದ ಫಿರಂಗಿಯೂ ಪೂರ್ತಿ ಸುರಕ್ಷಿತವಲ್ಲ. 2016ರ ನವೆಂಬರಿನಲ್ಲಿ ಡೆಲಾವೇರ್‌ನ ಬ್ರಿಜ್‌ವಿಲ್‌ನಲ್ಲಿ ಕುಂಬಳಕಾಯಿ ಸ್ಪರ್ಧೆಯನ್ನು ಟಿವಿಗೆ ಚಿತ್ರೀಕರಿಸುತ್ತಿದ್ದಾಗ ಒಂದು ಗಾಳಿ ಫಿರಂಗಿಯ ಲೋಹದ ಭಾಗ ಕಿತ್ತು ಹಾರಿ, ಚಿತ್ರೀಕರಣ ತಂಡದ ಮಹಿಳೆಯೊಬ್ಬರಿಗೆ ಗಂಭೀರ ಗಾಯವಾಯಿತು.

ಭಾರತದಲ್ಲಿ ಪೈಪಿನ ಫಿರಂಗಿ ಎಂದರೆ ಹೆಚ್ಚು ಬಳಕೆಯಲ್ಲಿರುವುದು ಕಾರ್ಬೈಡ್ ಗನ್. ತೋಟಕ್ಕೆ ನುಗ್ಗುವ ಮಂಗಗಳನ್ನು ಸದ್ದಿನಿಂದ ಓಡಿಸಲು ಮಲೆನಾಡಿನ ಬೆಳೆಗಾರರೂ ಇದನ್ನು ಬಳಸುವುದುಂಟು. ಕಾರ್ಬೈಡ್‌ಗೆ ನೀರು ತಾಗಿ ಹುಟ್ಟುವ ಅಸಿಟಿಲೀನ್ ಉರಿಯುವುದರಿಂದ ಅದು ಗಾಳಿ ಫಿರಂಗಿಯಲ್ಲ, ಕಿಡಿಯ ಪಂಗಡಕ್ಕೆ ಸೇರಿದ್ದು. ಆದರೆ ಎರಡರಲ್ಲೂ ಪೈಪು ಒಂದೇ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಈ ಗನ್ನುಗಳಿಂದ ಅನೇಕ ಮಕ್ಕಳ ಕಣ್ಣಿಗೆ ಪೆಟ್ಟಾಯಿತು, ಸರ್ಕಾರ ಅವುಗಳ ಮಾರಾಟವನ್ನು ತಡೆಯಬೇಕಾಯಿತು. ಸದ್ದು ಬರಲಿಲ್ಲವೆಂದು ಬಗ್ಗಿ ನಳಿಗೆಯೊಳಗೆ ನೋಡುವುದು ಮಕ್ಕಳ ಸಹಜ ಕುತೂಹಲ. ತಾನಾಗಿಯೇ ತೆರೆದುಕೊಳ್ಳಬಲ್ಲ ಸ್ಪ್ರಿಂಕ್ಲರ್ ವಾಲ್ವಿನ ಮುಂದೆಯೂ ಅದೇ ಕುತೂಹಲ ಅಷ್ಟೇ ಅಪಾಯಕರ.

ಕಾನೂನು

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ ಸ್ಫೋಟಕದ ಬಲದಿಂದ ಹಾರಿಸುವ ಆಯುಧವನ್ನು ಬಂದೂಕೆಂದು ಕರೆಯುತ್ತದೆ. ಬರೀ ಗಾಳಿಯ ಫಿರಂಗಿ ಸಾಮಾನ್ಯವಾಗಿ ಅದರಡಿ ಬರುವುದಿಲ್ಲ. ರಾಜ್ಯ ಮತ್ತು ನಗರಗಳ ಕಾನೂನುಗಳು ಬೇರೆ ಬೇರೆ. ಈ ಹವ್ಯಾಸ ಅಲ್ಲಿ ಬೆಳೆಯಲು ಇದೂ ಒಂದು ಕಾರಣ. ಬ್ರಿಟನ್ನಿನಲ್ಲಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್ ಶಕ್ತಿ ಮೀರಿದ ಗಾಳಿ ರೈಫಲ್ಲಿಗೆ ಬಂದೂಕಿನ ಪರವಾನಗಿ ಬೇಕು.

ಭಾರತದಲ್ಲಿ 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು ಅನ್ವಯಿಸುತ್ತವೆ. ಹೊರಬೀಳುವ ಶಕ್ತಿ 20 ಜೂಲ್ ಮೀರಿದ ಅಥವಾ ನಳಿಗೆಯ ಒಳವ್ಯಾಸ 4.5 ಮಿ.ಮೀ. ಮೀರಿದ ಗಾಳಿ ಆಯುಧಗಳಿಗೆ ಪರವಾನಗಿ ಬೇಕು. ಮೇಲೆ ಹೇಳಿದ 5 ಲೀಟರ್ ತೊಟ್ಟಿಯ ಶಕ್ತಿಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಹಾರುವ ವಸ್ತುವಿಗೆ ದಕ್ಕಿದರೂ ಅದು 270 ಜೂಲ್, ಮಿತಿಯ ಹದಿಮೂರು ಪಟ್ಟಿಗಿಂತ ಹೆಚ್ಚು. ಆಟಿಕೆಯೆಂದು ಮಾಡಿದ್ದು ಕಾನೂನಿನ ಕಣ್ಣಿಗೆ ಆಟಿಕೆಯಾಗಿ ಕಾಣದೆ ಹೋಗಬಹುದು.

ಕಲಿಕೆಯಲ್ಲಿ ಸ್ಥಾನ

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಈ ವಾಲ್ವ್ ವಿದ್ಯಾರ್ಥಿಗಳ ಕೈಗೆ ಬರಬೇಕಾದ ವಸ್ತು. ದೇಶದ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬುಗಳಿವೆ, ಪಾಲಿಟೆಕ್ನಿಕ್ ಮತ್ತು ಐಟಿಐಗಳಿವೆ. ಅಲ್ಲಿ ಒಂದು ಸ್ಪ್ರಿಂಕ್ಲರ್ ವಾಲ್ವನ್ನು ಬಿಚ್ಚಿ, ಡಯಾಫ್ರಮ್ಮಿನ ವ್ಯಾಸ ಅಳೆದು, ಪೈಲಟ್ ದಾರಿ ಗುರುತಿಸಿ, 100 ಗ್ರಾಂ ಬಲ 30 ಕೆಜಿಯನ್ನು ಹೇಗೆ ಆಳುತ್ತದೆಂದು ಲೆಕ್ಕ ಹಾಕಿಸಬಹುದು. ನಲ್ಲಿಯ ನೀರಿಗೆ ಜೋಡಿಸಿ ತೆರೆಯುವ, ಮುಚ್ಚುವ ಸಮಯವನ್ನು ಅಳೆಸಬಹುದು. ಮಣ್ಣಿನ ತೇವ ನೋಡಿ ನೀರು ಬಿಡುವ ವ್ಯವಸ್ಥೆ ಕಟ್ಟಿಸಿದರೆ ಆ ವಿದ್ಯೆ ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಹೋಗುವ ಮನೆಯವರಿಗೂ ಉಪಯೋಗಕ್ಕೆ ಬರುತ್ತದೆ. ಗಾಳಿಯ ಪಾಠ ಬೇಕೆಂದರೆ ಕಾಗದದ ರಾಕೆಟ್ ಇದೆ. ಅದಕ್ಕೂ ತೊಟ್ಟಿ ಗಾಳಿಗೆಂದೇ ಮಾಡಿದ್ದಾಗಿರಬೇಕು, ಒತ್ತಡ ಕಡಿಮೆಯಿರಬೇಕು, ಸುರಕ್ಷತಾ ವಾಲ್ವ್ ಇರಬೇಕು, ಕಣ್ಣಿಗೆ ರಕ್ಷಾಕನ್ನಡಕ ಇರಬೇಕು, ಶಿಕ್ಷಕರು ಜೊತೆಗಿರಬೇಕು. ತಾವು ತುಂಬಿದ ಗಾಳಿಯಲ್ಲಿ ಎಷ್ಟು ಜೂಲ್ ಶಕ್ತಿಯಿದೆ ಎಂಬ ಲೆಕ್ಕವನ್ನು ಪಂಪು ಮುಟ್ಟುವ ಮೊದಲೇ ಮಕ್ಕಳಿಂದ ಮಾಡಿಸಬೇಕು.